ಜಿನೋವಾದಲ್ಲಿ ಬಾಡಿಗೆ ಮೈ

ಇಂದುಮತಿ ಟೀಚರು ತಮ್ಮ ಮೈಯನ್ನು ಚಿತ್ರದುರ್ಗದ ಟೂರಿಸ್ಟ್ ಆಫೀಸಿನ ಮಂಚದ ಮೇಲೆ ಮಲಗಿಸಿ ಇಟಲಿಗೆ ಬಂದಿದ್ದರು. ಜಿನೋವಾದಲ್ಲಿ ಅವರಿಗೆ ಬಾಡಿಗೆಗೆ ಸಿಕ್ಕಿದ್ದು ಗಟ್ಟಿಮುಟ್ಟಾದ ಹೆಂಗಸಿನ ಮೈ. ಮೊಣಕಾಲು ಒಂಚೂರೂ ನೋಯಲಿಲ್ಲ. ಕಪ್ಪುಬಿಳುಪು ಪಟ್ಟೆಯ ಹಳೇ ಚರ್ಚು ನೋಡಿಕೊಂಡು, ಬಂದರಿನ ಇಳಿಜಾರು ಓಣಿಯಲ್ಲಿ ಸರಸರನೆ ಇಳಿದರು. ಇನ್ನು ದೀಪಸ್ತಂಭವೊಂದೇ ಬಾಕಿ.

ಅಷ್ಟರಲ್ಲಿ ಮಹಡಿಯ ಕಿಟಕಿಯಿಂದ ಪುಟ್ಟ ಹುಡುಗಿಯೊಬ್ಬಳು "ಮಮ್ಮಾ!" ಎಂದು ಕೂಗಿ ಕೈ ಚಾಚಿದಳು.

ಟೀಚರ ಕರುಳು ಚುರುಕ್ ಎಂದಿತು. ಆ ಕರುಳು ತಮ್ಮದಲ್ಲ ಎಂಬುದು ಆಮೇಲೆ ಹೊಳೆಯಿತು.

"ಶಶಿಧರಾ, ಅದು ಇವಳ ಮಗಳೇನಪ್ಪ?"

"ಹೌದು ಮೇಡಂ," ಎಂದ ಕಿವಿಯೊಳಗಿನ ಗೈಡು. "ದಿನಾ ಹಿಂಗೇ ಕೂಗುತ್ತೆ, ಪಾಪ. ನೀವು ನಿಲ್ಲಬೇಡಿ."

"ಒಂದೇ ಒಂದು ಸಲ ಕೈ ಬೀಸ್ತೀನಿ."

"ಬಾಡಿಗೆ ಹೊತ್ತಲ್ಲಿ ಮನೆಯವರಿಗೆ ಕೈ ಬೀಸಿದ್ರೆ ಈ ಮೈಯವರ ಕೆಲಸ ಹೋಗುತ್ತೆ ಮೇಡಂ."

ಎತ್ತಿದ ಕೈಯನ್ನು ಟೀಚರು ಜೇಬಿಗೆ ತುರುಕಿಕೊಂಡು ನಡೆದರು. ಹಿಂದಿನಿಂದ ಕೂಗು ಕೇಳುತ್ತಲೇ ಇತ್ತು. ವರ್ಷಗಟ್ಟಲೆ ಮಕ್ಕಳಿಗೆ ಭೂಪಟದಲ್ಲಿ ತೋರಿಸಿದ ಬಂದರು ಈಗ ಎದುರಿಗೇ ಇತ್ತು. ಆದರೆ ನೀರು ತುಂಬಿದ ಕಣ್ಣಿಗೆ ದೀಪಸ್ತಂಭ ಕಾಣಲೇ ಇಲ್ಲ.

"ಕಣ್ಣು ಒರೆಸ್ಕೊಳ್ಳಿ ಮೇಡಂ, ಅಳಬೇಡಿ."

"ನಾನು ಆಗಲೇ ನಿಲ್ಲಿಸಿದೀನಪ್ಪ," ಎಂದರು ಟೀಚರು. "ಇವಳು ನಿಲ್ಲಿಸ್ತಾ ಇಲ್ಲ."