ಕೆಂಚಜ್ಜನ ಒಪ್ಪಿಗೆ

ಎಂಬತ್ತೆರಡು ವರ್ಷದ ಕೆಂಚಜ್ಜ ಬಾಲ ಅಲ್ಲಾಡಿಸದೆ ನಮ್ಮ ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಎಲ್ಲರ ಮನೆಯಂತೆ ನಮ್ಮಲ್ಲೂ ನಾಯಿಯೇ ಹಿರಿಯರು. ರೇಷನ್ ಕಾರ್ಡಿನಲ್ಲಿ ಮೊದಲ ಹೆಸರು ಅವರದೇ. ನನ್ನ ಮುತ್ತಜ್ಜ ತಂದ ಮರಿ. ಮುತ್ತಜ್ಜನ ಕಾರು ಓಡಿದ್ದನ್ನು ಕಂಡವರು ಈಗ ಅವರೊಬ್ಬರೇ. ಆಗೆಲ್ಲ ಹಾರ್ನ್ ಸದ್ದಾದರೆ ಮಂಚದಡಿ ನುಗ್ಗುತ್ತಿದ್ದರಂತೆ.

ಆ ಕಾರನ್ನು ನಾನೂ ಹೆಂಡತಿ ವನಜಾಳೂ ಎರಡು ವರ್ಷ ಒದ್ದಾಡಿ ರಿಪೇರಿ ಮಾಡಿದ್ದೇವೆ. ನಾಳೆ ಆರ್‌ಟಿಓ ತಪಾಸಣೆ, ಪಾಸಾಗದಿದ್ದರೆ ಗುಜರಿಗೆ. ಎಲ್ಲ ಸರಿಯಾಗಿದೆ, ಮುತ್ತಜ್ಜನ ಕಾಲದಲ್ಲೇ ಕಳೆದುಹೋದ ಹಿತ್ತಾಳೆ ಹಾರ್ನ್ ಒಂದಿಲ್ಲ. ಹಳೇ ಕಾರಿಗೆ ಅದರದೇ ಹಾರ್ನ್ ಇರಬೇಕಂತೆ, ಬೇರೆಯದು ನಡೆಯುವುದಿಲ್ಲವಂತೆ.

"ಅಜ್ಜನ್ನೇ ಒಂದ್ ಮಾತು ಕೇಳ್ರೀ" ಎಂದಳು ವನಜಾ.

ಕೆಂಚಜ್ಜನಿಗೆ ಈಗ ಕಿವಿ ಒಂದಿಷ್ಟೂ ಕೇಳಿಸುವುದಿಲ್ಲ. ಅವರೆದುರು ಕೂತು, ಹಾರ್ನ್ ಹಿಸುಕುವಂತೆ ಕೈಯಾಡಿಸಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಎದ್ದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೆರೆಯತೊಡಗಿದರು. ಮಣ್ಣಿನಿಂದ ಹಾರ್ನ್ ಎದ್ದು ಬಂತು. ಅದರ ಅಂಚಿನ ಸುತ್ತ ಪುಟ್ಟ ಪುಟ್ಟ ಹಲ್ಲಿನ ಗುರುತು.

"ಕಿವಿ ಹೋಗೋವರೆಗೂ ಕಾದಿದಾರೆ ನೋಡ್ರೀ!" ಎಂದು ವನಜಾ ನಕ್ಕಳು.

ಹಾರ್ನಿಗೆ ಹೊಸ ರಬ್ಬರ್ ಬುರುಡೆ ಹಾಕಿ ಒತ್ತಿದೆ. "ಪೋಂ!" ಬೀದಿಯ ಹಿರಿಯರೆಲ್ಲ ಬೊಗಳುತ್ತಾ ಎದ್ದರು. ನಮ್ಮ ಕೆಂಚಜ್ಜ ಮಾತ್ರ ಮುಂದಿನ ಸೀಟಿಗೆ ಹತ್ತಿ ಕೂತು, ಬಾಲ ಅಲ್ಲಾಡಿಸಿದರು.