ಗಾಲಿಗೆ ಕೊಟ್ಟ ಕಲ್ಲು

ಧಡ್ ಎಂದಿತು. ಕಬ್ಬೂರಿನ ಮುರಗೆಪ್ಪನಿಗೆ ತಿಳಿಯುವಷ್ಟರಲ್ಲಿ ಮೋಟರ್‌ಸೈಕಲ್ ಒಂದು ಕಡೆ, ಅವನೊಂದು ಕಡೆ. ಏರಿನ ರಸ್ತೆಗೆ ಉದುರಿದ್ದ ಕಬ್ಬಿನ ಸೋಗೆಯ ಕೆಳಗೆ ಕಲ್ಲೊಂದು ಅಡಗಿ ಕೂತಿತ್ತು. ಹಂಗಾಮಿನಲ್ಲಿ ಅಂಕಲಿಯ ರಸ್ತೆ ತುಂಬ ಸೋಗೆಯೇ; ಅದನ್ನು ನೋಡಿ ಯಾರಾದರೂ ಬ್ರೇಕ್ ಹಾಕುತ್ತಾರೆಯೇ?

ಮೊಣಕಾಲು ತರಚಿತ್ತು, ಅದಿರಲಿ. ಗಾಡಿ ಎಬ್ಬಿಸಿ ಕಿಕ್ ಹೊಡೆದ, ಮತ್ತೆ ಹೊಡೆದ. ಮುಂದಿನ ರಿಮ್ ಸೊಟ್ಟಗಾಗಿತ್ತು. ಎಂಜಿನ್ನಿನ ಕೆಳಗೆ ಚೇಂಬರ್ ಒಡೆದು ಆಯಿಲೆಲ್ಲ ಡಾಂಬರಿನ ಮೇಲೆ ಹರಿಯುತ್ತಿತ್ತು. ಅವ್ವ ಕಾಳವ್ವ ಇದ್ದ ಮಿರಜಿಯ ದವಾಖಾನೆ ಇನ್ನೂ ದೂರ. "ತಮ್ಮಾ, ಲಗೂನ ಬಾ. ಕಣ್ಣ ಬಿಟ್ಟಾಗೊಮ್ಮೆ ನಿನ್ನ ಕೇಳಾಕತ್ತಾಳ. ಇನ್ನ ಭಾಳ ಹೊತ್ತ ಇಲ್ಲ" ಎಂದು ಅಕ್ಕ ಸುಂದ್ರವ್ವ ಫೋನಿನಲ್ಲಿ ಅತ್ತಿದ್ದಳು.

"ಯಾವ ಹಾಳಾದವ ಬಿಟ್ಟ ಹೋಗ್ಯಾನ ಈ ಕಲ್ಲ! ಅವನ ಮನ್ಯಾಗ ಹೆಣಾ ಬೀಳ್ಲಿ!" ಮುರಗೆಪ್ಪ ಗಂಟಲು ಹರಿಯುವಂತೆ ಕೂಗಿದ.

ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಅಂಕಲಿಯ ತುಕಾರಾಮ ಗಾಡಿ ನಿಲ್ಲಿಸಿದ. "ಪೆಟ್ಟ ಭಾಳ ಆತೇನ್ರಿ ಅಣ್ಣಾ?"

"ನನಗೇನ ಆಗಿಲ್ಲೋ. ಅವ್ವ ಮಿರಜ್ಯಾಗ ಸಾಯಾಕತ್ತಾಳ. ನಾ ನೋಡಿದ್ರ ಇಲ್ಲಿ ಬಿದ್ದೇನಿ!"

"ಹತ್ರಿ, ನಾ ಬಿಡ್ತೇನಿ." ಪುಣ್ಯಾತ್ಮ ಕ್ಯಾನು ಬಿಚ್ಚಿ ಬದಿಯ ಚಹಾದಂಗಡಿಯಲ್ಲಿಟ್ಟ. "ತಡೀರಿ, ಮದಲ ಈ ಕಲ್ಲ ತಗೀತೇನಿ. ಟ್ರ್ಯಾಕ್ಟರಿನವರ ಚಾಳಿನ ಇದ ಐತಿ. ಏರಿನ್ಯಾಗ ಪಂಚರ್ ಆತಂದ್ರ ಗಾಡಿ ಹಿಂದ ಸರೀಬಾರ್ದಂತ ಗಾಲಿಗೆ ಕಲ್ಲ ಕೊಡ್ತಾರ, ಆಮ್ಯಾಲ ಅಲ್ಲೇ ಬಿಟ್ಟ ಹೋಕ್ಕಾರ."

ಮುರಗೆಪ್ಪನೂ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನೇ. ತುಕಾರಾಮ ಸೋಗೆ ಸರಿಸಿ ಕಲ್ಲನ್ನು ಹೊರಳಿಸಿದ. ಬೀಸುಕಲ್ಲಿನ ಅರ್ಧ ಹೋಳು. ನಡುವಿನ ತೂತಿನಲ್ಲೂ ಅರ್ಧವೇ ಉಳಿದಿತ್ತು.

ಮುರಗೆಪ್ಪ ಬಗ್ಗಿ ಆ ತೂತಿನ ಅಂಚು ಮುಟ್ಟಿ ನೋಡಿದ. ಅವ್ವ ಜೀವಮಾನವೆಲ್ಲ ಜೋಳ ಬೀಸಿದ ಕಲ್ಲು ಅದು. ಒಡೆದ ಮೇಲೆ ಅವಳೇ ಅದನ್ನು ಟ್ರೇಲರಿಗೆ ಹಾಕಿಸಿದ್ದಳು. "ಏರಿನ್ಯಾಗ ಗಾಲಿಗೆ ಕೊಡಾಕ ಬರ್ತೈತಿ, ಒಯ್ಯಿ. ಖರೇ, ಹೋಗೂಮುಂದ ನೆನಪಲೇ ತಗೊಂಡ ಹೋಗಪಾ. ಹಾದ್ಯಾಗ ಬಿಟ್ಟರ ಯಾರರೆ ಎಡವಿ ಬೀಳ್ತಾರ" ಎಂದಿದ್ದಳು. ನಿನ್ನೆ ಸಂಜೆ ಇದೇ ಏರಿನಲ್ಲಿ ಅವನ ಟ್ರೇಲರಿನ ಟೈರು ಹೋಗಿತ್ತು. ಹಿಂದಿನ ಗಾಡಿಗಳದ್ದು ಒಂದೇ ಸಮನೆ ಹಾರ್ನು, ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ತಪ್ಪೀತೆಂಬ ಗಡಿಬಿಡಿ ಬೇರೆ. ಟೈರು ಬದಲಿಸಿ ಹೊರಟವನಿಗೆ ಕಲ್ಲಿನ ನೆನಪೇ ಆಗಿರಲಿಲ್ಲ. ಅಯ್ಯೋ ದೇವರೇ, ಈಗಷ್ಟೇ ಯಾರ ಮನೆಗೆ ಎಂಥ ಮಾತು ಆಡಿಬಿಟ್ಟೆ!

"ಗಟಾರಕ್ಕ ಒಗೀಲೇನ್ರಿ ಇದನ್ನ?"

"ಬ್ಯಾಡೋ. ಕೊಡ ಇಲ್ಲಿ. ಅವ್ವಂದದು."

ತುಕಾರಾಮ ಕಲ್ಲನ್ನು ಅವನ ಕೈಗಿಟ್ಟು ಗಾಡಿ ಚಾಲೂ ಮಾಡಿದ. ದಾರಿಯುದ್ದಕ್ಕೂ ಮುರಗೆಪ್ಪ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದ. ಇನ್ನೊಂದು ಗಳಿಗೆ ತಡಿಯವ್ವಾ, ಬಂದೆ, ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದ.

ವಾರ್ಡಿನ ಬಾಗಿಲಲ್ಲಿ ಸುಂದ್ರವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ.

"ಈಗಿನ್ನ ಹೋದ್ಲೋ ತಮ್ಮಾ. ಜೀವಾ ಹಿಡಕೊಂಡ ಬಾಗಲಾನ ನೋಡಾಕತ್ತಿದ್ಲು. 'ನನ್ನ ಮಗಾ ತಡಾ ಮಾಡಾಂವಲ್ಲ, ಹಾದ್ಯಾಗ ಏನ್ ಅಡ್ಡ ಬಂತೋ ನೋಡ' ಅಂದ್ಲು. ಅಷ್ಟ."

ಹೆಣ ಸಾಗಿಸಲು ಇಬ್ಬರು ಬಂದು ಗಾಲಿಮಂಚದ ತುದಿ ಹಿಡಿದಿದ್ದರು. ಮುರಗೆಪ್ಪ ಕಲ್ಲು ಹಿಡಿದೇ ಅವರ ನಡುವೆ ನುಗ್ಗಿ ನೆಲಕ್ಕೆ ಕೂತ, ಮಂಚದ ಗಾಲಿಗೆ ಆ ಕಲ್ಲು ಕೊಟ್ಟ.