ಮಡ್‌ಗಾರ್ಡಿನ ಮಣ್ಣು

ಸೀಮೆಎಣ್ಣೆ ವಾಸನೆ ಬಂದರೆ ಈಗಲೂ ನನ್ನ ಉಗುರು ನೋಡಿಕೊಳ್ಳುತ್ತೇನೆ.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ರಸ್ತೆಗೆಲ್ಲ ಒಂದೇ ಕಾರು, ನಮ್ಮದು. ಅದನ್ನು ಕೊಳ್ಳಲು ಅಪ್ಪನ ಸ್ನೇಹಿತರಾದ ಮೇಷ್ಟ್ರು ಬರುವವರಿದ್ದರು. ನಾನು ಹಿಂದಿನ ಚಕ್ರದ ಮಡ್‌ಗಾರ್ಡಿನೊಳಗೆ ಸೀಮೆಎಣ್ಣೆ ಹಚ್ಚಿ, ತೆಂಗಿನ ನಾರಿನಿಂದ ಮಣ್ಣು ಉಜ್ಜುತ್ತಿದ್ದೆ.

"ಚೆನ್ನಾಗಿ ತಿಕ್ಕು ಕಣೇ, ಮಣ್ಣು ಉಳಿದ್ರೆ ತುಕ್ಕು ಹಿಡಿಯುತ್ತೆ" ಅಂದಿದ್ದರು ಅಪ್ಪ.

ತಿಕ್ಕುತ್ತಿದ್ದಂತೆ ತಗಡು ಹಪ್ಪಳದ ಹಾಗೆ ಮುರಿದು, ನನ್ನ ಬೆರಳು ಡಿಕ್ಕಿಯೊಳಗೆ ತೂರಿತು. ಅಪ್ಪ ಬೈಯಲಿಲ್ಲ. ತುಳಸಿಕಟ್ಟೆಯಿಂದ ಒಂದು ಹಿಡಿ ಹಸಿಮಣ್ಣು ತಂದು ತೂತಿಗೆ ಮೆತ್ತಿ, ಹೆಬ್ಬೆರಳಿನಿಂದ ನೀಟಾಗಿ ಸವರಿದರು.

ಮೇಷ್ಟ್ರು ಬಂದು ಕಾರನ್ನು ಒಂದು ಸುತ್ತು ಹಾಕಿದರು. "ಚೆನ್ನಾಗಿ ಇಟ್ಕೊಂಡಿದೀರಿ ರಾಯರೇ. ಯಾರು ತೊಳೆಯೋದು?"

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವಳೇ" ಅಂದರು.